ನೆಲಮಾಳಿಗೆಯ ಹಾಯಿ

ಅಮೆರಿಕದ ಮ್ಯಾಡಿಸನ್ನಿನಲ್ಲಿ ಅಕ್ಟೋಬರ್ ಮುಗಿಯುವುದರೊಳಗೆ ದೋಣಿಗಳು ಮೆಂಡೋಟ ಸರೋವರದಿಂದ ಮೇಲೆ ಬರಬೇಕು. ದಂಡೆಯ ಜೆಟ್ಟಿಗಳನ್ನೂ ಬಿಚ್ಚಿ ಎಳೆದು ಹಾಕುತ್ತಾರೆ. ಬಿಟ್ಟರೆ ಮಂಜುಗಡ್ಡೆ ಮುರಿದು ಹಾಕುತ್ತದೆ. 1980ರ ದಶಕದ ಕೊನೆಯಲ್ಲಿ ನಾನು ಅಲ್ಲಿ ಓದುತ್ತಿದ್ದಾಗ ಮೂವರು ಸೇರಿ ಒಂದು ಹಳೆಯ ಹೋಬಿ 16 ಕೊಂಡೆವು. ಎರಡು ಒಡಲಿನ, ಹದಿನಾರೂವರೆ ಅಡಿ ಉದ್ದದ ಪುಟ್ಟ ಕ್ಯಾಟಮರಾನ್. ಮಾರಿದವನು ಲೇತ್ ಕೆಲಸದಿಂದ ನಿವೃತ್ತನಾದ ಮುದುಕ. ದೋಣಿ ಮಾರಿದನೇ ಹೊರತು ಹಾಯಿಯನ್ನು ಬಿಟ್ಟುಕೊಡಲು ಅವನಿಗೆ ಮನಸ್ಸಿದ್ದಂತಿರಲಿಲ್ಲ. ಚಳಿ ಶುರುವಾಯಿತೆಂದರೆ ನಮ್ಮ ಬಾಗಿಲು ತಟ್ಟುತ್ತಿದ್ದ.

ಈ ದೋಣಿಯನ್ನು ರೂಪಿಸಿದ ಹೋಬಿ ಆಲ್ಟರ್ ಕ್ಯಾಲಿಫೋರ್ನಿಯಾದಲ್ಲಿ ಸರ್ಫ್ ಹಲಗೆ ಮಾಡುತ್ತಿದ್ದವರು. ಮರಳಿನಿಂದ ನೇರ ಅಲೆಗೆ ತಳ್ಳಲೆಂದು ಮಾಡಿದ ದೋಣಿ ಇದು. ಚಳಿಗಾಲದ ಯೋಚನೆ ಅವರಿಗೆ ಬೇಕಿರಲಿಲ್ಲ. ಲಕ್ಷಕ್ಕೂ ಹೆಚ್ಚು ಮಾರಾಟವಾದ ಮೇಲೆ, ವರ್ಷದಲ್ಲಿ ಆರು ತಿಂಗಳು ಹಾಯಿ ಬಿಚ್ಚಲಾಗದ ಊರುಗಳಿಗೂ ಬಂತು.

ಕರಾವಳಿಯ ಗಂಗೊಳ್ಳಿ ಕಡೆಯವನಾದ ನನಗೆ ಗೊತ್ತಿದ್ದದ್ದು ಇಷ್ಟೇ: ಹತ್ತಿ ಹಾಯಿಯನ್ನು ಒದ್ದೆಯಾಗಿ ಮಡಚಿಟ್ಟರೆ ಕೊಳೆಯುತ್ತದೆ. ಹೋಬಿಯ ಹಾಯಿ ಡೇಕ್ರಾನ್, ಅಂದರೆ ಅಂಟು ಕುಡಿಸಿ ಬಿಗಿಗೊಳಿಸಿದ ಪಾಲಿಯೆಸ್ಟರ್ ನೇಯ್ಗೆ. ಬೂಷ್ಟು ಅದನ್ನು ತಿನ್ನುವುದಿಲ್ಲ, ಅದರ ಮೇಲಿನ ಕೊಳೆಯನ್ನು ತಿನ್ನುತ್ತದೆ. ಬಟ್ಟೆ ಉಳಿಯುತ್ತದೆ, ಕಲೆಯೂ ಉಳಿಯುತ್ತದೆ. ಚಳಿಯಿಂದಂತೂ ಅದಕ್ಕೆ ಹೆಚ್ಚಿನ ಅಪಾಯವಿಲ್ಲ. ಹಾಯಿಯಲ್ಲಿರುವ ಪಾರದರ್ಶಕ ಪ್ಲಾಸ್ಟಿಕ್ ಕಿಟಕಿಯೊಂದು ಸೆಡೆತುಕೊಂಡು, ಮಡಚಿದಲ್ಲಿ ಸೀಳಬಹುದು. ನಿಜವಾದ ಹಾನಿ ಬೇಸಿಗೆಯ ಬಿಸಿಲಿನಿಂದ, ಅದರಲ್ಲೂ ಹೊಲಿಗೆಯ ದಾರಕ್ಕೆ. ಮುದುಕ ಹೊಲಿಗೆಗಳನ್ನು ಹೆಬ್ಬೆರಳಿನ ಉಗುರಿನಿಂದ ಗೀರಿ ನೋಡುತ್ತಿದ್ದ. ದಾರ ಪುಡಿಯಾಗಿ ಉದುರಿದರೆ ಜನವರಿಯಲ್ಲೇ ಹೊಲಿಗೆಗೆ ಕಳಿಸು ಎನ್ನುತ್ತಿದ್ದ. ಏಪ್ರಿಲ್‌ನಲ್ಲಿ ಕಳಿಸುವವರ ಸಾಲು ಜುಲೈವರೆಗೂ ಇರುತ್ತದೆ.

ತೊಳೆಯುವ ಕೆಲಸ ಬಚ್ಚಲ ತೊಟ್ಟಿಯಲ್ಲಿ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಮೆತ್ತನೆಯ ಬ್ರಷ್. ಯಂತ್ರಕ್ಕೆ ಹಾಕಿದರೆ ಅಂಟು ಬಿಟ್ಟು, ಹಾಯಿ ಹೊದಿಕೆಯಂತೆ ಜೋಲುತ್ತದೆ. ಕಡಲಿನ ಹಾಯಿಗಳಿಗೆ ಉಪ್ಪು ಕಳೆಯುವುದೇ ದೊಡ್ಡ ಕೆಲಸ, ಏಕೆಂದರೆ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಮೆಂಡೋಟದ್ದು ಸಿಹಿನೀರು, ಆದರೆ ಸುತ್ತಲ ಹೊಲಗಳ ರಂಜಕ ಹರಿದು ಬಂದು ಬೇಸಿಗೆಯಲ್ಲಿ ಪಾಚಿ ದಟ್ಟವಾಗುತ್ತದೆ. ನಮ್ಮ ಹಾಯಿಯ ಕೆಳ ಅಂಚು ಯಾವಾಗಲೂ ಹಸಿರು.

ಆಮೇಲೆ ಬ್ಯಾಟನ್‌ಗಳು: ಹಾಯಿಗೆ ಆಕಾರ ಕೊಡಲು ಅಡ್ಡಡ್ಡ ತೂರಿಸುವ ಫೈಬರ್ ಗ್ಲಾಸ್ ಪಟ್ಟಿಗಳು. ಅವುಗಳ ಬಿಗಿ ಸಡಿಲಿಸದೆ ಇಟ್ಟರೆ ಬಟ್ಟೆ ಚಳಿಗಾಲವಿಡೀ ಎಳೆದುಕೊಂಡೇ ಇರುತ್ತದೆ. ಹಳೆಯ ಪಟ್ಟಿ ಬರಿಗೈಯಲ್ಲಿ ಮುಟ್ಟಿದರೆ ಕಣ್ಣಿಗೆ ಕಾಣದ ಮುಳ್ಳು ಎರಡು ದಿನ ಚುಚ್ಚುತ್ತದೆ. ಹಾಯಿಯನ್ನು ಮೇಲ್ತುದಿಯಿಂದ ಶುರು ಮಾಡಿ ಪಟ್ಟಿಗಳಿಗೆ ಸಮಾನಾಂತರವಾಗಿ ಸುತ್ತುತ್ತ ಬಂದರೆ ಉದ್ದನೆಯ ಸುರುಳಿ. ಮಡಚುವಂತಿಲ್ಲ, ಮಡಿಕೆ ಬಿದ್ದಲ್ಲಿ ಅಂಟು ಬಿರಿಯುತ್ತದೆ.

ಸುರುಳಿಗೆ ಜಾಗ ನೆಲಮಾಳಿಗೆಯ ಮಾಡಿನ ತೊಲೆಗಳ ಕೆಳಗೆ, ಹಗ್ಗದ ಜೋಲಿಯಲ್ಲಿ. ಇದು ಮುದುಕನ ಹಟವೆಂದೇ ಆಗ ನಮಗೆ ಅನಿಸಿತ್ತು. ಈಗ ನೋಡಿದರೆ ಅದರಲ್ಲಿ ಲೆಕ್ಕವಿತ್ತು. ಮನೆ ಬಿಸಿ ಮಾಡುವ ಒಲೆ ಉರಿಯುವ ತಿಂಗಳುಗಳಲ್ಲಿ ನೆಲಮಾಳಿಗೆಯ ಗಾಳಿ ಒಣಗಿರುತ್ತದೆ. ಅದೇ ಕೋಣೆ ಜೂನ್ ಹೊತ್ತಿಗೆ ಬೆವರತೊಡಗುತ್ತದೆ. ಹಾಗಾಗಿ ಹಾಯಿ ನವೆಂಬರ್‌ಗೆ ಇಳಿಯಬೇಕು, ಏಪ್ರಿಲ್‌ಗೆ ಏರಬೇಕು. ನೆಲದಿಂದ ಮೇಲಿದ್ದರೆ ಇಲಿಗೂ ಸುಲಭವಿಲ್ಲ. ಇಲಿಗೆ ಬೇಕಾದ್ದು ಗೂಡು: ಸುತ್ತಿಟ್ಟ ಬಟ್ಟೆಯ ಒಳಗೆ ಕೊರೆದರೆ ಒಂದೇ ತೂತು ಹತ್ತು ಸುತ್ತಿನಲ್ಲೂ ಬೀಳುತ್ತದೆ.

ಈಗ ನೆಲಮಾಳಿಗೆಗಳು ಟಿವಿ ಕೋಣೆಗಳಾಗಿವೆ. ಹಾಯಿ ಗ್ಯಾರೇಜಿನ ಪ್ಲಾಸ್ಟಿಕ್ ಡಬ್ಬಕ್ಕೋ, ತಿಂಗಳ ಬಾಡಿಗೆಯ ಗೋದಾಮಿಗೋ ಹೋಗುತ್ತದೆ. ಡಬ್ಬ ಚೊಕ್ಕಟವಾಗಿ ಕಾಣುತ್ತದೆ ಎಂಬುದೊಂದೇ ಅದರ ಪರವಾಗಿ ನಾನು ಹೇಳಬಲ್ಲ ಮಾತು. ಬಿಸಿಯಿಲ್ಲದ ಗ್ಯಾರೇಜಿನಲ್ಲಿ ಒಂದು ದಿನ ಮಂಜು ಕರಗಿ ಹಸಿಗಾಳಿ ನುಗ್ಗಿದರೆ ತಣ್ಣಗಿನ ಬಟ್ಟೆಯ ಮೇಲೆ ನೀರು ಕೂರುತ್ತದೆ, ಮುಚ್ಚಳ ಅದನ್ನು ಹೊರಗೆ ಬಿಡುವುದಿಲ್ಲ. ಕರಗುವ ದಿನಗಳೂ ಹೆಚ್ಚಾಗಿವೆ. ಮೆಂಡೋಟ ಎಂದು ಹೆಪ್ಪುಗಟ್ಟಿತು, ಎಂದು ಬಿಟ್ಟಿತು ಎಂಬ ದಾಖಲೆಯನ್ನು 1850ರ ದಶಕದಿಂದಲೂ ಇಟ್ಟಿದ್ದಾರೆ. ಆಗ ಸುಮಾರು ನಾಲ್ಕು ತಿಂಗಳು ನಿಲ್ಲುತ್ತಿದ್ದ ಮಂಜುಗಡ್ಡೆ ಈಗ ಮೂರು ತಿಂಗಳು ನಿಂತರೆ ಹೆಚ್ಚು. ಚಳಿಗಾಲ ಕಿರಿದಾಯಿತು, ಹಾಯಿಗೆ ಅಪಾಯ ಹೆಚ್ಚಾಯಿತು.

ದಂಡೆಯೂ ಮೊದಲಿನದಲ್ಲ. 2015ರಲ್ಲಿ ಈ ಸರೋವರದಲ್ಲಿ ಜೀಬ್ರಾ ಮಸೆಲ್ ಎಂಬ ಹೊರಗಿನ ಚಿಪ್ಪುಜೀವಿ ಪತ್ತೆಯಾಯಿತು. ಅದರ ಚಿಪ್ಪು ಬ್ಲೇಡಿನಷ್ಟು ಹರಿತ. ನಾವು ಹಾಯಿಯನ್ನು ದಂಡೆಯಲ್ಲೇ ಹರಡಿ ಸುತ್ತುತ್ತಿದ್ದೆವು; ಈಗ ಹುಲ್ಲುಹಾಸು ಹುಡುಕಬೇಕು. ದೋಣಿಗೆ ಅಂಟಿದ ಜೊಂಡು ಕಿತ್ತು, ನೀರು ಬಸಿದೇ ಹೊರಡಬೇಕೆಂಬುದು ಅಲ್ಲಿನ ಕಾನೂನು.

ಹಳೆಯ ಹಾಯಿ ಮಾರುವವರು ಈಗಲೂ ಫೋನ್ ಮಾಡುತ್ತಾರೆ. ಬಣ್ಣ, ವಯಸ್ಸು ಹೇಳಲು ಹೊರಟರೆ ತಡೆದು, ಚಳಿಗಾಲದಲ್ಲಿ ಎಲ್ಲಿಟ್ಟಿದ್ದಿರಿ ಎಂದು ಕೇಳುತ್ತೇನೆ. ಡಬ್ಬ ಎಂದರೆ ನೂರು ಡಾಲರ್ ಇಳಿಸಲು ಹೇಳುತ್ತೇನೆ. ಹೆಚ್ಚಿನವರು ಚೌಕಾಸಿಯಿಲ್ಲದೆ ಇಳಿಸುತ್ತಾರೆ.