ಭೀಮೆಯ ತಡಿಯಲ್ಲಿ ಮೊಳದುದ್ದದ ಹಡಗು

ಆಳಂದದಲ್ಲಿ ಹಡಗು ಕಟ್ಟುವವನೊಬ್ಬನಿದ್ದಾನೆಂದರೆ ಓದುಗರು ನಕ್ಕಾರು. ಪಡುವಣ ಕಡಲು ಅಲ್ಲಿಗೆ 300 ಕಿಲೋಮೀಟರಿಗೂ ಮಿಗಿಲಾದ ದೂರ. ಕಣ್ಣು ಹರಿಯುವಷ್ಟೂ ತೊಗರಿ ಜೋಳಗಳ ಕರಿನೆಲ. ಆದರೂ ನನ್ನ ಸೋದರಳಿಯ, ಹದಿನಾಲ್ಕರ ಹುಡುಗ, ಮನೆಯ ಪಡಸಾಲೆಯಲ್ಲಿ ಕುಳಿತು ಹಡಗು ಕಟ್ಟುತ್ತಿದ್ದ. ಮೊದಲನೆಯದನ್ನು ಜೋಳದ ದಂಟಿನ ಬೆಂಡಿನಿಂದ ಮಾಡಿದ್ದ. ಎರಡನೆಯದಕ್ಕೆ ತೆಳುವಾದ ಮರದ ಪಟ್ಟಿಗಳು ಬಂದಿದ್ದವು. ಪಕ್ಕೆಲುಬುಗಳನ್ನು ಸಾಲಾಗಿ ಅಂಟಿಸಿ ತಿಂಗಳ ದುಡಿಮೆ ಮುಗಿಸಿದ್ದ. ಪೀಠಕ್ಕೆ ಅಂಟಿಸಲು ಚೀಟಿಯೂ ಸಿದ್ಧವಾಗಿತ್ತು: ‘ಫಿರೋಜ್ ಷಹನ ಹಡಗು’.

“ಅವನ ಹಡಗು ಹೀಗೆಯೇ ಇತ್ತೆಂದು ಬಲ್ಲೆಯಾ?” ಎಂದೆ.

“ಪುಸ್ತಕದಾಗ ಅದಲ್ಲ ಮಾಮಾ, ಅವನ ಹಡಗ ಇದ್ವಂತ.”

ಮಾತು ಸುಳ್ಳಲ್ಲ. ಫಿರೋಜ್ ಷಹಾ ಬಹಮನಿ ಕಲಬುರಗಿಯಿಂದ ಆಳಿದ್ದು 1397ರಿಂದ 1422ರವರೆಗೆ. ಅವನು ಗೋವೆ, ಚೌಲ್ ಬಂದರುಗಳಿಂದ ವರ್ಷವರ್ಷವೂ ಹಡಗುಗಳನ್ನು ಕಳುಹಿಸಿ, ದೂರದೇಶದ ಸರಕುಗಳನ್ನೂ ವಿದ್ವಾಂಸರನ್ನೂ ತರಿಸಿಕೊಳ್ಳುತ್ತಿದ್ದನೆಂದು ಮುಂದೆ ಬಿಜಾಪುರದಲ್ಲಿದ್ದ ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಅವುಗಳಿಗೆ ಪಟವೆಷ್ಟು, ಹಲಗೆ ಹೇಗೆ ಎಂಬ ವಿವರ ಆ ಮಾತಿನಲ್ಲಿಲ್ಲ. ಅರಸನು ಭೀಮೆಯ ತಡಿಯಲ್ಲಿ ಕಟ್ಟಿಸಿದ ಫಿರೋಜಾಬಾದನ್ನಾದರೂ ನೋಡಿ ಬರೋಣವೆಂದು ಹೊರಟೆವು.

ನೀರು ಹೋದ ದಾರಿಯೇ ನಮ್ಮ ದಾರಿ. ಆಳಂದ ತಾಲ್ಲೂಕಿನ ಅಮರ್ಜಾ ಹೊಳೆ ತೆಂಕಣಕ್ಕೆ ಹರಿದು, ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಸಂಗಮದಲ್ಲಿ ದತ್ತಭಕ್ತರು ಮೀಯುತ್ತಿದ್ದರು. ಹುಡುಗನ ಕಣ್ಣು ಮಾತ್ರ ಹರಿವಿನ ಮೇಲೆ.

“ಮಾಮಾ, ಈ ನೀರು ಸಮುದ್ರಕ್ಕ ಹೋಗ್ತದೇನು?”

“ಹೋಗುತ್ತದೆ. ಭೀಮೆ ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ.”

ಅವನು ತುಸು ಹೊತ್ತು ಸುಮ್ಮನಿದ್ದ. “ಗೋವಾ, ಚೌಲ್ ಆ ಕಡಿ ಅವ. ಹಂಗಾರ ಹಡಗ ಇಲ್ಲಿತನಾ ಬರ್ತಿದ್ದಿಲ್ಲ!”

ನನಗೆ ಸಂತೋಷವಾಯಿತು. ಹಡಗಿನ ಸರಕು ಘಟ್ಟವೇರಿ ನೆಲದ ದಾರಿಯಲ್ಲೇ ಬರಬೇಕಾಗಿತ್ತು. ಹುಡುಗನು ಅಂಟು ಬಿಟ್ಟು ಭೂಪಟದ ಕಡೆಗೆ ತಿರುಗಿದ್ದ.

ಫಿರೋಜಾಬಾದು ಕಲಬುರಗಿಯಿಂದ ಜೇವರ್ಗಿಗೆ ಹೋಗುವ ಕಡೆಗಿದೆ. ಪಶ್ಚಿಮಕ್ಕೆ ಹೊಳೆಯೇ ಕಾವಲು. ಮಿಕ್ಕ ಮೂರು ದಿಕ್ಕಿಗೂ ದಪ್ಪ ಕಲ್ಲಿನ ಕೋಟೆ. ಒಳಗೆ ವಿಶಾಲವಾದ ಮಸೀದಿಯ ಪಾಳು, ಮುರಿದ ಅರಮನೆಗಳು, ಪೊದೆ, ಹೊಲ. ಕಲ್ಲಿನಲ್ಲಿ ಕಟ್ಟಿದ್ದು ಇಷ್ಟಾದರೂ ಉಳಿಯಿತು. ಮರದಲ್ಲಿ ಕಟ್ಟಿ ಕಡಲಿಗೆ ಬಿಟ್ಟದ್ದರ ಒಂದು ಚೂರೂ ಇಲ್ಲಿಲ್ಲ.

ಗೋಡೆಯ ನೆರಳಿನಲ್ಲಿ ಕುಳಿತು ನಾನು ಬಲ್ಲಷ್ಟನ್ನು ಹೇಳಿದೆ. 1237ರಲ್ಲಿ ಅಲ್ ವಾಸಿತಿ ಎಂಬ ಚಿತ್ರಕಾರನು ಅಲ್ ಹರೀರಿಯ ಕಥಾಗ್ರಂಥಕ್ಕೆ ಬರೆದ ಹಡಗಿನ ಚಿತ್ರವು ಪ್ಯಾರಿಸ್ಸಿನಲ್ಲಿದೆ. ಅದರಲ್ಲಿ ಹಲಗೆಗಳ ಹೊಲಿಗೆ ಕಾಣುತ್ತದೆ, ಹಿಂಬದಿಯ ಚುಕ್ಕಾಣಿ ಕಾಣುತ್ತದೆ. ಮುಂದಿನ ಶತಮಾನದಲ್ಲಿ ನಮ್ಮ ಕರಾವಳಿಗೆ ಬಂದ ಇಬ್ನ್ ಬತೂತನೂ ಇಲ್ಲಿಯ ಹಡಗುಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯುವರೆಂದೂ, ಬಂಡೆ ತಾಗಿದರೆ ಮೊಳೆಯ ಹಡಗಿನಂತೆ ಅವು ಬೇಗ ಒಡೆಯವೆಂದೂ ಹೇಳಿದ್ದಾನೆ.

ಈ ವಿದ್ಯೆ ಸತ್ತಿಲ್ಲ. ಅಜಂತೆಯ ಐದನೆಯ ಶತಮಾನದ ಚಿತ್ರವೊಂದನ್ನು ಆಧರಿಸಿ, ಕೇರಳದ ಕುಶಲಿಗಳು ಹಲಗೆ ಹೊಲಿದು ಕಟ್ಟಿದ ‘ಕೌಂಡಿನ್ಯ’ವು 2025ರ ಮೇ 21ರಂದು ನಮ್ಮ ಕಾರವಾರದಲ್ಲಿ ನೌಕಾಪಡೆಯನ್ನು ಸೇರಿತು. ಅದರ ಪಟದ ಮೇಲೆ ಗಂಡಭೇರುಂಡ! ಹಳೆಯ ನಕ್ಷೆ ಒಂದೂ ಇರಲಿಲ್ಲವಾದ್ದರಿಂದ, ಅದರ ಸಣ್ಣ ಮಾದರಿಯನ್ನು ಮದ್ರಾಸ್ ಐ.ಐ.ಟಿ.ಯಲ್ಲಿ ನೀರಿಗಿಳಿಸಿ ಗುಣ ಪರೀಕ್ಷಿಸಿದರು. ಡಿಸೆಂಬರ್ 29ರಂದು ಪೋರಬಂದರು ಬಿಟ್ಟ ಹಡಗು 2026ರ ಜನವರಿ 14ರಂದು ಮಸ್ಕತ್ತನ್ನು ಮುಟ್ಟಿತು.

“ಸಣ್ಣದು ಮೊದಲು, ದೊಡ್ಡದು ಆಮ್ಯಾಲ?” ಹುಡುಗನ ಮುಖ ಅರಳಿತು.

ಆದರೆ ಮಾದರಿಯವನ ಕಷ್ಟವೂ ಸಣ್ಣದಲ್ಲ. ಸುಮಾರು 20 ಮೀಟರಿನ ಹಡಗನ್ನು ಐವತ್ತರಲ್ಲೊಂದು ಪಾಲಿಗೆ ಇಳಿಸಿದರೆ 40 ಸೆಂಟಿಮೀಟರು. ಮೊಳಕ್ಕೂ ತುಸು ಕಡಿಮೆ. ಆಳು ಮೂರು ಸೆಂಟಿಮೀಟರಿನವನಾಗುತ್ತಾನೆ. 25 ಮಿಲಿಮೀಟರಿನ ಹಗ್ಗಕ್ಕೆ ಅರ್ಧ ಮಿಲಿಮೀಟರಿನ ದಾರ ಬೇಕು. ಅದಕ್ಕಿಂತ ದಪ್ಪನಾದರೆ ಕಣ್ಣು ಕೂಡಲೇ ಸುಳ್ಳನ್ನು ಹಿಡಿಯುತ್ತದೆ. ಇನ್ನೊಂದು ಮಾತು: ಹೊಲಿಗೆಯ ಹಡಗಿನಲ್ಲಿ ಹಲಗೆಗಳನ್ನು ಬಾಗಿಸಿ ಹೊಲಿದು ಒಡಲು ಮಾಡಿದ ಮೇಲೆಯೇ ಪಕ್ಕೆಲುಬುಗಳನ್ನು ಒಳಗೆ ಕೂಡಿಸುವುದು. ಹುಡುಗನು ಮಾಡಿದ್ದು ತಲೆಕೆಳಗು.

ಇದನ್ನು ಹೇಳಬಾರದಿತ್ತೇನೋ ಎನಿಸಿತು. ಅವನ ಮುಖ ಬಾಡಿತು. ಹಲಗೆ ಮುಚ್ಚಿದ ಮೇಲೆ ಒಳಗಿನದು ಯಾರಿಗೆ ಕಾಣುತ್ತದೆ? ಅವನೂ ಅದನ್ನೇ ಕೇಳಿದ. ನಾನು ಉತ್ತರ ಕೊಡಲಿಲ್ಲ.

ಸೇತುವೆ ದಾಟಿ ಜೇವರ್ಗಿಗೆ ಬಂದಾಗ ಸಂಜೆಯಾಗಿತ್ತು. ಚಹಾ ಕುಡಿದು ಬಸ್ಸಿಗೆ ಕಾಯುತ್ತಿದ್ದೆವು. ಹುಡುಗನು ಎದುರಿನ ಅಂಗಡಿಗೆ ಹೋಗಿ, ಉಂಡೆ ಉಂಡೆಯಾಗಿ ಬಿಚ್ಚಿಸಿ, ಎಲ್ಲಕ್ಕಿಂತ ತೆಳುವಾದ ದಾರವನ್ನು ಆರಿಸಿ ತಂದ. “ಮನಿಗಿ ಹೋಗಿ ಎಲುಬು ಕಿತ್ತಿಬಿಡ್ತೀನಿ, ಮಾಮಾ” ಎಂದ.

ಈಗ ಹಡಗಿನ ಒಂದು ಮಗ್ಗುಲಿನ ಹೊಲಿಗೆ ಮುಗಿದಿದೆ. ಹಳೆಯ ಚೀಟಿಯ ಬದಲು ಹೊಸದು ಬಂದಿದೆ: ‘ಫಿರೋಜ್ ಷಹನ ಕಾಲದ ಹಡಗು ಹೀಗಿದ್ದಿರಬಹುದು.’ ಎರಡು ಪದ ಹೆಚ್ಚಿತೆಂದು ಹಡಗಿನ ಬೆಲೆ ಕುಂದಲಿಲ್ಲ. ಕಡಲನ್ನೇ ಕಾಣದ ಊರಿನಲ್ಲಿ, ಕಡಲಿಗೆ ಸಲ್ಲಬೇಕಾದ ಸತ್ಯವು ಸಂದಿತು.