ಹುರುಳಿ ಹರಡಿದ ದಾರಿಯಲ್ಲಿ ಸಿಕ್ಕ ಗೆಳೆಯ

ಹುರುಳಿ ಕಿತ್ತು ಕಣಕ್ಕೆ ಹಾಕಿದ್ದಾಯ್ತು. ಎಕರೆಗೆ ಎಷ್ಟು ಬಂತು ಅನ್ನೋದನ್ನ ತೂಕ ಆದ್ಮೇಲೆ ಬರೀತೀನಿ. ಮನೆ ಮುಂದೇನೇ ಟಾರ್ ರಸ್ತೆ ಇಟ್ಕೊಂಡು, ಬಾಡಿಗೆ ಕೊಟ್ಟು ಕಣಕ್ಕೆ ಯಾಕೆ ಹೊಡೀತೀಯ ಅಂತ ಪ್ರತಿ ವರ್ಷ ಯಾರಾದ್ರೂ ಕೇಳ್ತಾರೆ. ನಗಾಡಿ ಸುಮ್ಮನಾಗ್ತಿದ್ದೆ. ಈ ಸಂಕ್ರಾಂತಿಗೆ ಅವನು ಹೋಗಿ ಮೂರು ವರ್ಷ. ಬರೆದೇ ಬಿಡ್ತೀನಿ. ಹೆಸರು ಮಾತ್ರ ಬೇಡ, ಅವರಮ್ಮನಿಗೆ ಇಷ್ಟವಿಲ್ಲ.

2017ರ ಜನವರಿ. ಹಿರಿಯೂರಿಗಿಂತ ಮುಂಚೆ ಹೈವೇಯಿಂದ ನಮ್ಮೂರಿಗೆ ತಿರುಗೋ ರಸ್ತೆ ಗೊತ್ತಲ್ಲ, ಅಲ್ಲಿ ಹುರುಳಿ ಹರಡಿ ಎರಡೂ ಕಡೆ ಕಲ್ಲಿಟ್ಟಿದ್ದೆ. ಕಾರು, ಬಸ್ಸು ಎಲ್ಲ ಮೇಲೇ ಹೋಗ್ತಿದ್ವು. ಒಬ್ಬ ಹಿಮಾಲಯನ್ ಬೈಕಿನವನು ಬಂದು ನಿಲ್ಲಿಸಿದ. ಇಳಿದು, ಗ್ಲೌಸ್ ಬಿಚ್ಚಿ, ರಸ್ತೆ ಅಂಚಿನ ಮಣ್ಣಲ್ಲಿ ಬೈಕ್ ತಳ್ಳೋಕೆ ಶುರು ಮಾಡಿದ. 'ಮೇಲೇ ಹೋಗಪ್ಪ, ನಮಗೂ ಒಕ್ಕಣೆ ಆಗ್ತದೆ' ಅಂದೆ. 'ನಾಲ್ಕು ಚಕ್ರದವರಿಗೆ ಏನೂ ಆಗಲ್ಲ ಅಣ್ಣ, ನನಗಿರೋದು ಎರಡೇ. ಬಳ್ಳಿ ಸುತ್ಕೊಂಡ್ರೆ ಮುಗೀತು' ಅಂದ. ನನಗೆ ಸಿಟ್ಟೇ ಬಂತು. ಪೇಟೆಯವನು ಬಂದು ಬುದ್ಧಿ ಹೇಳ್ತಾನಲ್ಲ ಅಂತ. ಆದ್ರೂ ಬಿಸಿಲಲ್ಲಿ ಬೆವರ್ತಿದ್ದ, ಕರೆದು ಮಜ್ಜಿಗೆ ಕೊಟ್ಟೆ.

ಮಜ್ಜಿಗೆ ಕುಡೀತಾ ಕಿವಿ ನಿಮಿರಿಸಿದ. 'ನಿಮ್ಮ ಮೋಟರ್ ಬೇರಿಂಗ್ ಹೋಗಿದೆ ಅಣ್ಣ, ಶಬ್ದ ಕೇಳಿ.' ಪೀಣ್ಯದಲ್ಲಿ ಲೇತ್ ಕೆಲಸ ಅವನದ್ದು. ಮುಂದಿನ ಭಾನುವಾರ ಬೇರಿಂಗ್ ಜೇಬಲ್ಲಿಟ್ಕೊಂಡು ನೂರೈವತ್ತು ಕಿಲೋಮೀಟರ್ ದಾಟಿ ಬಂದ. ದುಡ್ಡು ಕೊಟ್ರೆ ತಗೊಳ್ಳಲಿಲ್ಲ, ಶೇಂಗಾ ತಗೊಂಡು ಹೋದ. ಅಲ್ಲಿಂದ ಆರು ವರ್ಷ ನಮ್ಮನೆ ಅವನಿಗೆ ಒಂದು ಸ್ಟಾಪ್.

ಇವರದ್ದೊಂದು ಲೋಕ. ಅಮೆರಿಕದಲ್ಲಿ ಐರನ್ ಬಟ್ ಅಂತ ಸಂಘ ಇದೆಯಂತೆ, ಅಂದ್ರೆ ಕಬ್ಬಿಣದ ಕುಂಡಿ. ಅದನ್ನ ಕೇಳಿ ನಮ್ಮಜ್ಜಿ ನಕ್ಕಿದ್ದು ಇನ್ನೂ ಕಣ್ಣಲ್ಲಿದೆ. ಅವರ ಮೊದಲ ಮೆಟ್ಟಿಲು ಸ್ಯಾಡಲ್‌ಸೋರ್, ನಮ್ಮ ಎತ್ತಿಗೆ ನೊಗದ ಹುಣ್ಣು ಇದ್ದಂಗೆ ಇವರಿಗೆ ಸೀಟಿನ ಹುಣ್ಣು. 24 ಗಂಟೆಯಲ್ಲಿ 1000 ಮೈಲಿ, ಅಂದ್ರೆ 1,610 ಕಿ.ಮೀ. ಓಡಿಸಬೇಕು. ಪೆಟ್ರೋಲ್ ಬಂಕಿನ ಬಿಲ್ಲೇ ಸಾಕ್ಷಿ, ಊರು, ಟೈಮು ಎಲ್ಲ ಅದರಲ್ಲಿರುತ್ತೆ. ದುಡ್ಡಿನ ಬಹುಮಾನ ಇಲ್ಲ, ಒಂದು ಸರ್ಟಿಫಿಕೇಟು.

ನಮ್ಮೂರಲ್ಲಿ ಇದಕ್ಕೆ ಶೋಕಿ ಅಂತಾರೆ. ನಾನೂ ಅಂದಿದ್ದೆ. ಅವನು ಲೆಕ್ಕ ಹಾಕಿ ತೋರಿಸಿದ: ನಿಲ್ಲೋದೂ ಸೇರಿ ಗಂಟೆಗೆ 67 ಕಿ.ಮೀ. ಬಿದ್ರೆ ಸಾಕು. ಜೋರು ಬೇಕಿಲ್ಲ, ಟೀ ಅಂಗಡಿಯಲ್ಲಿ ಹರಟೆ ಹೊಡೀಬಾರ್ದು ಅಷ್ಟೇ. ಪುಣೆ ಹತ್ತಿರದವರೆಗೆ ಹೋಗಿ ವಾಪಸ್ ಬಂದು ಅದನ್ನ ಒಂದು ಸಲ ಮುಗಿಸಿದ್ದ. ಎರಡು ಆಕಳಿಕೆ ಬಂದ್ರೆ ಬೈಕ್ ನಿಲ್ಲಿಸಿ, ಬಂಕಿನ ಸಿಮೆಂಟ್ ಮೇಲೆ ಹೆಲ್ಮೆಟ್ ತಲೆದಿಂಬು ಮಾಡ್ಕೊಂಡು ಇಪ್ಪತ್ತು ನಿಮಿಷ ಮಲಗ್ತಿದ್ದ. ರಾತ್ರಿ ನೀರು ಬಿಡೋಕೆ ಹೋಗಿ ಬದುವಿನ ಮೇಲೆ ತೂಕಡಿಸೋ ನಾವು ಅವನಷ್ಟು ಹುಷಾರಿಲ್ಲ.

2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತಲ್ಲ, 89 ವರ್ಷದ ನಂತರ. ಅವತ್ತು ಅಮ್ಮನನ್ನ ಹಿಂದೆ ಕೂರಿಸ್ಕೊಂಡು ಬಂದಿದ್ದ. ಆಯಮ್ಮ ನೀರು ನೋಡಿ ಕೈ ಮುಗಿದ್ರು. ಇವನು ನೀರಿಗಿಂತ ಅಮ್ಮನ್ನೇ ನೋಡ್ತಿದ್ದ.

ಆಮೇಲಿನ ಜನವರಿ. ಹುಬ್ಬಳ್ಳಿ ಕಡೆಯಿಂದ ವಾಪಸ್ ಬರ್ತಾ, 'ಅಣ್ಣ, ಬೆಳಗ್ಗೆ ರೊಟ್ಟಿಗೆ ಬರ್ತೀನಿ' ಅಂತ ಮೆಸೇಜ್ ಹಾಕಿದ್ದ. ಹುಚ್ಚೆಳ್ಳು ಚಟ್ನಿ ಅರೆದಿದ್ವಿ. ಎಂಟಾಯ್ತು, ಒಂಬತ್ತಾಯ್ತು. ಫೋನ್ ತೆಗೆದಿದ್ದು ಪೊಲೀಸ್‌ನವರು.

ದಾವಣಗೆರೆ ದಾಟಿ ಚಿತ್ರದುರ್ಗಕ್ಕೆ ಬರೋವಾಗ, ಬೆಳಗಿನ ಜಾವ, ಮಂಜು. ಮೆಕ್ಕೆಜೋಳ ತುಂಬಿದ ಟ್ರೇಲರ್ ಪಂಕ್ಚರ್ ಆಗಿ ಹೈವೇ ಮೇಲೇ ನಿಂತಿತ್ತು. ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ, ಚಕ್ರಕ್ಕೆ ಒಂದು ಕಲ್ಲು, ಒಂದು ಸೊಪ್ಪಿನ ಕೊಂಬೆ. ಹೆಲ್ಮೆಟ್, ಜಾಕೆಟ್ ಎಲ್ಲಾ ಇತ್ತು ಅವನ ಮೈಮೇಲೆ.

ನಾನು ಆಸ್ಪತ್ರೆಗೆ ಹೋದಾಗ ಟ್ರ್ಯಾಕ್ಟರ್‌ನವನು ಗೇಟ್ ಹತ್ರ ಟವೆಲ್ ಬಾಯಿಗಿಟ್ಕೊಂಡು ಕೂತಿದ್ದ. ನನ್ನ ವಯಸ್ಸೇ. ಕಾಲಲ್ಲಿ ನಮ್ಮಂಗೇ ಹವಾಯಿ ಚಪ್ಪಲಿ, ಪಂಚೆಗೆ ಮೆಕ್ಕೆಜೋಳದ ಹೊಟ್ಟು ಮೆತ್ತಿತ್ತು. ಹೊಡೆದೇ ಬಿಡ್ತೀನಿ ಅಂತ ಹೋದವನು ನಿಂತುಬಿಟ್ಟೆ. ನನ್ನ ಟ್ರೇಲರ್ ಹಿಂದೇನೂ ಏನೂ ಇರಲಿಲ್ಲ. ಹನ್ನೊಂದು ವರ್ಷ ಹಂಗೇ ಓಡಿಸಿದ್ದೆ. ಆರು ವರ್ಷ ನಮ್ಮನೇಲಿ ಉಂಡವನು ಆ ಟ್ರೇಲರ್ ನೋಡಿ ಎಷ್ಟು ಸಲ ಹೇಳಿದ್ದ, 'ಅಣ್ಣ, ಒಂದು ಕೆಂಪು ಪಟ್ಟಿ ಹಚ್ಚು' ಅಂತ. ಸುಗ್ಗಿ ಮುಗೀಲಿ ಅಂತಿದ್ದೆ.

ಹನ್ನೊಂದನೇ ದಿನ ಅವನ ಜೊತೆಗಾರರು ನಲವತ್ತು ಬೈಕಲ್ಲಿ ಬಂದಿದ್ರು. ಬೀದಿ ತುದಿಯಲ್ಲೇ ಇಂಜಿನ್ ಆಫ್ ಮಾಡಿ ಮನೆವರೆಗೂ ತಳ್ಕೊಂಡು ಬಂದ್ರು. ಅಷ್ಟು ಬೈಕು, ಒಂದು ಶಬ್ದ ಇಲ್ಲ. ಅವರಮ್ಮ ಒಬ್ಬೊಬ್ಬರ ಹತ್ರಾನೂ 'ಮನೆಗೆ ಹೋಗಿ ಫೋನ್ ಮಾಡಪ್ಪ' ಅಂದ್ರು. ನನಗೂ ಅಂದ್ರು. ನಾನು ಬಸ್ಸಲ್ಲಿ ಹೋಗಿದ್ದೆ, ಆದ್ರೂ ಮಾಡಿದೆ. ಈಗಲೂ ತಿಂಗಳಿಗೊಂದು ಸಲ ಮಾಡ್ತೀನಿ. ಮಳೆ ಹೆಂಗಿದೆ, ಮೋಟರ್ ಸರಿ ಇದೆಯಾ ಅಂತ ಕೇಳ್ತಾರೆ. ಬೇರಿಂಗ್ ಇನ್ನೂ ಅದೇ ಓಡ್ತಿದೆ.

ಮೊನ್ನೆ ಹಿರಿಯೂರಿಂದ ಹೊಸ ರೋಲ್ ಟೇಪ್ ತಂದೆ. ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ. ನಂದಕ್ಕೆ, ತಮ್ಮನದಕ್ಕೆ ಹಚ್ಚಿ ಇನ್ನೂ ಮುಕ್ಕಾಲು ಉಳಿದಿದೆ. ಮೆಕ್ಕೆಜೋಳ, ಅಡಿಕೆ ಹೊಡೆಯೋರು ಯಾರಾದ್ರೂ ಸಂಜೆ ಹೊತ್ತು ಬನ್ನಿ, ಹಚ್ಚಿ ಕೊಡ್ತೀನಿ, ದುಡ್ಡು ಬೇಡ. ಟ್ರೇಲರ್ ತೊಳೆದು ಒಣಗಿಸ್ಕೊಂಡು ಬನ್ನಿ, ಧೂಳಿನ ಮೇಲೆ ಅದು ಅಂಟಲ್ಲ.