ಪ್ರೇಕ್ಷಕನ ತೀರ್ಪು

ದಡದಲ್ಲಿ ನಿಂತವನಿಗೆ ಈಜುವವನ ತಪ್ಪುಗಳೆಲ್ಲವೂ ನಿಚ್ಚಳವಾಗಿ ಕಾಣಿಸುತ್ತವೆ. ಅವನ ಬಟ್ಟೆ ನೆನೆದಿರುವುದಿಲ್ಲ, ಉಸಿರು ಕಟ್ಟಿರುವುದಿಲ್ಲ. ಆದಕಾರಣ ಹೊಳೆಯೊಳಗಿನವನು ಕೈಯನ್ನು ಎತ್ತ ಬೀಸಬೇಕಾಗಿತ್ತು, ಕಾಲನ್ನು ಯಾವಾಗ ಬಡಿಯಬೇಕಾಗಿತ್ತು ಎಂಬುದನ್ನು ಸಾವಧಾನವಾಗಿ ಬೋಧಿಸಬಲ್ಲನು. ಲೋಕದಲ್ಲಿ ಆಟವೆಂಬುದು ಹುಟ್ಟಿದಂದೇ ಈ ದಡದ ಪಂಡಿತನೂ ಹುಟ್ಟಿರಬೇಕು. ಆದರೆ ಅವನ ವಿದ್ಯೆಯು ಸಾಂಗೋಪಾಂಗವಾಗಿ ಬೆಳೆದಿರುವುದನ್ನು ನೋಡಬೇಕೆಂಬವರು ಅಮೆರಿಕದ ಬಾಸ್ಟನ್ ನಗರಕ್ಕೆ ಹೋಗಿ, ಬೇಸ್‌ಬಾಲ್ ಆಟದ ಅಭಿಮಾನಿಯೊಬ್ಬನ ಪಕ್ಕದಲ್ಲಿ ಕುಳಿತುಕೊಳ್ಳಬೇಕು.

ಬೇಸ್‌ಬಾಲ್ ಎಂಬುದು ಕ್ರಿಕೆಟ್ಟಿನ ದಾಯಾದಿ. ಕ್ರಿಕೆಟ್ಟನ್ನು ಬಲ್ಲ ವಾಚಕರಿಗೆ ಅದನ್ನು ನಾಲ್ಕು ಮಾತುಗಳಲ್ಲಿ ತಿಳಿಸಬಹುದು. ಚೆಂಡನ್ನು ಎಸೆಯುವವನಿಗೆ ಪಿಚರ್ ಎಂದು ಹೆಸರು. ಅವನು ಒಂದು ಮಣ್ಣಿನ ದಿಬ್ಬದ ಮೇಲೆ ನಿಂತು, ಚೆಂಡನ್ನು ನೆಲಕ್ಕೆ ಪುಟಿಸದೆ ನೇರವಾಗಿ ದಾಂಡಿಗನ ಮುಂದೆ ಹಾಯಿಸುತ್ತಾನೆ. ಪಕ್ಷವೊಂದಕ್ಕೆ ಒಂಬತ್ತು ಸರದಿಗಳು. ಮೂವರು ಔಟಾದರೆ ಒಂದು ಸರದಿ ಮುಗಿಯಿತು. ಒಂಬತ್ತು ಮಂದಿ ದಾಂಡಿಗರು ಮೊದಲೇ ಬರೆದುಕೊಟ್ಟ ಕ್ರಮದಲ್ಲಿ ಒಬ್ಬರಾದ ಮೇಲೊಬ್ಬರು ಬರುತ್ತಾರೆ. ಒಂಬತ್ತನೆಯವನು ಮುಗಿದೊಡನೆ ಮತ್ತೆ ಮೊದಲನೆಯವನು. ಈ ಕ್ರಮವನ್ನು ಬರೆಯತಕ್ಕವನೂ, ಎಸೆತಗಾರನನ್ನು ಎಷ್ಟು ಹೊತ್ತು ನಿಲ್ಲಿಸಬೇಕೆಂದು ನಿರ್ಣಯಿಸತಕ್ಕವನೂ ಅಂಗಳದ ಅಂಚಿನಲ್ಲಿ ಕುಳಿತಿರುವ ಮ್ಯಾನೇಜರನು. ಒಮ್ಮೆ ಹೊರಗೆ ಕರೆದ ಆಟಗಾರನು ಆ ದಿನ ತಿರುಗಿ ಒಳಗೆ ಬರುವಂತಿಲ್ಲ. ಪ್ರಯೋಗಿಸಿದ ಅಸ್ತ್ರವನ್ನು ಹಿಂದಕ್ಕೆ ಕರೆಯುವ ಉಪಸಂಹಾರಮಂತ್ರವು ಈ ಶಾಸ್ತ್ರದಲ್ಲಿಲ್ಲ.

ಇದಕ್ಕಿಂತಲೂ ಕಠಿನವಾದ ವಿಧಿ ಇನ್ನೊಂದಿದೆ. ಎಸೆತಗಾರನನ್ನು ಬದಲಿಸಬೇಕಾದಾಗ ಮ್ಯಾನೇಜರನು ತಾನೇ ಎದ್ದು, ಹತ್ತಾರು ಸಾವಿರ ಜನರು ನೋಡುತ್ತಿರುವಂತೆಯೇ ದಿಬ್ಬದವರೆಗೆ ನಡೆದುಹೋಗಿ, ಅವನ ಕೈಯಿಂದ ಚೆಂಡನ್ನು ತೆಗೆದುಕೊಳ್ಳಬೇಕು. ಅಷ್ಟು ಹೊತ್ತೂ ಆಟವು ನಿಂತಿರುತ್ತದೆ. ಬೇರೆ ಆಟಗಳಲ್ಲಿ ನಾಯಕನ ನಿರ್ಧಾರವು ಗದ್ದಲದಲ್ಲಿ ಮುಚ್ಚಿಹೋಗಬಹುದು. ಇಲ್ಲಿ ಅದು ರಂಗಸ್ಥಳದ ನಡುವೆ ಬಂದು ನಿಲ್ಲುತ್ತದೆ. ಪ್ರೇಕ್ಷಕನಿಗೆ ಅದನ್ನು ತೂಗಿನೋಡುವುದಕ್ಕೆ ಬಿಡುವೂ ದೊರೆಯುತ್ತದೆ. ವರ್ಷವೊಂದಕ್ಕೆ ಪ್ರತಿಯೊಂದು ತಂಡಕ್ಕೂ ೧೬೨ ಆಟಗಳು. ಆದುದರಿಂದ ಅಭಿಮಾನಿಯ ನ್ಯಾಯಸ್ಥಾನಕ್ಕೆ ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ರಜವೆಂಬುದೇ ಇಲ್ಲ.

ಬಾಸ್ಟನ್ನಿನ ಅಭಿಮಾನಿಯು ರೆಡ್ ಸಾಕ್ಸ್ ತಂಡದವನು. ೧೯೧೨ರಲ್ಲಿ ತೆರೆದ ಫೆನ್‌ವೇ ಪಾರ್ಕ್ ಎಂಬ ಹಳೆಯ ಅಂಗಣವೇ ಅವನ ದೇವಸ್ಥಾನ. ತೊಡೆಯ ಮೇಲೊಂದು ಅಂಕಪಟ್ಟಿ, ಕೈಯಲ್ಲೊಂದು ಮೊಂಡು ಪೆನ್ಸಿಲು. ಒಬ್ಬೊಬ್ಬ ದಾಂಡಿಗನ ಗತಿಯನ್ನೂ ಅವನು ಚಿಕ್ಕ ಚಿಕ್ಕ ಚೌಕಗಳಲ್ಲಿ ಗುರುತು ಹಾಕುತ್ತ ಹೋಗುತ್ತಾನೆ. ದಾಂಡಿಗರ ಕ್ರಮದ ವಿಷಯದಲ್ಲಿ ಅವನಿಗೆ ಸ್ವಂತವಾದ ಸಿದ್ಧಾಂತವುಂಟು. ಓಟದಲ್ಲಿ ಚುರುಕಾದವನು ಮೊದಲು ಬರಬೇಕು, ಉಪಾಯಗಾರನು ಎರಡನೆಯವನಾಗಬೇಕು, ಸರ್ವಸಮರ್ಥನು ಮೂರನೆಯವನು, ಭೀಮಬಲನು ನಾಲ್ಕನೆಯವನು: ಇದು ಪೂರ್ವಿಕರ ಸಂಪ್ರದಾಯ. ಸಮರ್ಥನನ್ನು ಎರಡನೆಯ ಸ್ಥಾನಕ್ಕೇ ಏರಿಸಬೇಕು, ಏತಕ್ಕೆಂದರೆ ಮೇಲಿರುವವನಿಗೆ ವರ್ಷದಲ್ಲಿ ಹೆಚ್ಚು ಸಲ ದಾಂಡು ದೊರೆಯುತ್ತದೆ, ಎಂಬುದು ಇತ್ತೀಚಿನ ಗಣಿತಜ್ಞರ ಮತ. ಈ ಕ್ರಮಗಳಿಂದ ವರ್ಷದ ಕೊನೆಗೆ ಆಗುವ ಭೇದವು ಅತ್ಯಲ್ಪವೆಂದು ಆ ಗಣಿತಜ್ಞರೇ ಒಪ್ಪುತ್ತಾರೆ. ಆದರೆ ವಾದದ ಬಿಸಿಯು ವಾದವಸ್ತುವಿನ ಗಾತ್ರವನ್ನು ಎಂದು ಅನುಸರಿಸಿದೆ?

ಅವನ ವಾದಗಳಿಗೆ ಬೇರು ದುಃಖದಲ್ಲಿದೆ. ರೆಡ್ ಸಾಕ್ಸ್ ತಂಡವು ೧೯೧೮ರಲ್ಲಿ ವರ್ಲ್ಡ್ ಸೀರೀಸ್ ಎಂಬ ಅಂತಿಮ ಸ್ಪರ್ಧೆಯನ್ನು ಗೆದ್ದ ಮೇಲೆ ೮೬ ವರ್ಷಗಳ ಕಾಲ ಮತ್ತೆ ಗೆಲ್ಲಲಿಲ್ಲ. ಮಗನು ತಂದೆಯಿಂದ ಮನೆಯನ್ನೂ ಸಾಲವನ್ನೂ ಪಡೆಯುವಂತೆ ಈ ಸೋಲನ್ನೂ ಪಡೆದನು. ಅದನ್ನು ತನ್ನ ಮಗನಿಗೆ ದಾಟಿಸಿದನು.

೧೯೮೬ರ ಅಕ್ಟೋಬರ್ ೨೫ರ ರಾತ್ರಿ ನ್ಯೂಯಾರ್ಕ್ ಮೆಟ್ಸ್ ತಂಡದೆದುರಿಗೆ ಆರನೆಯ ಆಟ. ಅದೊಂದನ್ನು ಗೆದ್ದಿದ್ದರೆ ಬಾಸ್ಟನ್ನಿಗೆ ಪಟ್ಟ. ಆಟವು ಸಮನಾಗಿ ಹತ್ತನೆಯ ಸರದಿಗೆ ಬಿದ್ದು, ಬಾಸ್ಟನ್ ೫-೩ರಿಂದ ಮುಂದಿದ್ದಿತು. ಎದುರಾಳಿಗಳಲ್ಲಿ ಇಬ್ಬರು ಔಟಾಗಿದ್ದರು. ಬೇಕಾದುದು ಇನ್ನೊಂದೇ ಔಟು. ಮೊದಲನೆಯ ನೆಲೆಯಲ್ಲಿ ಬಿಲ್ ಬಕ್ನರ್ ಎಂಬ ಅನುಭವಿಯು ನೋವಿನ ಕಾಲುಗಳ ಮೇಲೆ ನಿಂತಿದ್ದನು. ಹಿಂದಿನ ಗೆಲುವುಗಳಲ್ಲಿ ಮ್ಯಾನೇಜರ್ ಜಾನ್ ಮೆಕ್‌ನಮಾರನು ಕೊನೆಯ ಭಾಗದಲ್ಲಿ ಅವನನ್ನು ಕರೆದು ಡೇವ್ ಸ್ಟೇಪಲ್ಟನ್ ಎಂಬವನನ್ನು ನಿಲ್ಲಿಸುತ್ತಿದ್ದನು. ಆ ರಾತ್ರಿ ಹಾಗೆ ಮಾಡಲಿಲ್ಲ. ಒಂದಾದ ಮೇಲೊಂದು ಹೊಡೆತ ಬಿದ್ದಿತು. ದಾರಿತಪ್ಪಿದ ಒಂದು ಎಸೆತದಿಂದ ಆಟವು ಸಮನಾಯಿತು. ಕೊನೆಗೆ ನೆಲದ ಮೇಲೆ ಉರುಳಿ ಬಂದ ಚೆಂಡೊಂದು ಬಕ್ನರನ ಕಾಲುಗಳ ನಡುವೆ ನುಸುಳಿಹೋಯಿತು. ಮೆಟ್ಸ್ ೬-೫ರಿಂದ ಗೆದ್ದಿತು. ಏಳನೆಯ ಆಟವಿನ್ನೂ ಉಳಿದಿದ್ದಿತು; ಅದರಲ್ಲಿಯೂ ಬಾಸ್ಟನ್ ೩-೦ರಿಂದ ಮುಂದಿದ್ದು ಸೋತಿತು. ಆದರೆ ಅಭಿಮಾನಿಯ ಸ್ಮೃತಿಯಲ್ಲಿ ಉಳಿದುದು ಆ ಉರುಳಿದ ಚೆಂಡು ಮಾತ್ರ. ಸಮನಾಗುವವರೆಗಿನ ತಪ್ಪುಗಳೆಲ್ಲ ಬೇರೆಯವರವು. ಆದರೂ ಕಟ್ಟಕಡೆಗೆ ಕಂಡವನ ತಲೆಯ ಮೇಲೆಯೇ ಭಾರವೆಲ್ಲವೂ ಬಿದ್ದಿತು.

ಅಲ್ಲಿಂದ ಹದಿನೇಳು ವರ್ಷಗಳಾದ ಮೇಲೆ, ೨೦೦೩ರ ಅಕ್ಟೋಬರ್ ೧೬ರಂದು, ಬದ್ಧವೈರಿಗಳಾದ ನ್ಯೂಯಾರ್ಕ್ ಯಾಂಕೀಸರ ಅಂಗಣದಲ್ಲಿ ನಿರ್ಣಾಯಕವಾದ ಏಳನೆಯ ಆಟ. ಬಾಸ್ಟನ್ನಿನ ಎಸೆತಗಾರನು ಪೆಡ್ರೋ ಮಾರ್ಟಿನೆಸ್, ಆ ಕಾಲದ ಅಗ್ರಗಣ್ಯರಲ್ಲೊಬ್ಬನು. ಏಳು ಸರದಿಗಳಲ್ಲಿ ನೂರು ಎಸೆತಗಳನ್ನು ಎಸೆದು, ಆಕಾಶದ ಕಡೆಗೆ ಬೆರಳೆತ್ತಿ ಒಳಕ್ಕೆ ಹೋದನು. ಎಂಟನೆಯ ಸರದಿಗೆ ಬಾಸ್ಟನ್ನಿನ ಮುನ್ನಡೆ ೫-೨. ನೂರರ ಮೇಲೆ ಅವನ ಬಲವು ಕುಗ್ಗುವುದೆಂಬುದು ತಂಡದ ಲೆಕ್ಕದವರಿಗೆ ತಿಳಿದಿದ್ದ ಸಂಗತಿ. ಬದಲಿ ಎಸೆತಗಾರರು ಆ ಸರಣಿಯಲ್ಲಿ ಚೆನ್ನಾಗಿಯೇ ಆಡಿದ್ದರು. ಆದರೂ ಮ್ಯಾನೇಜರ್ ಗ್ರೇಡಿ ಲಿಟಲ್ ಅವನನ್ನೇ ಕಳುಹಿಸಿದನು. ಒಬ್ಬನು ಔಟಾದ ಮೇಲೆ ಎರಡು ಹೊಡೆತಗಳು ಬಿದ್ದು ಒಂದು ರನ್ ಬಂದಿತು. ಲಿಟಲ್ ದಿಬ್ಬಕ್ಕೆ ನಡೆದುಹೋಗಿ, ಶಕ್ತಿಯುಂಟೇ ಎಂದು ಕೇಳಿದನು. ಉಂಟೆಂದು ಉತ್ತರ ಬಂದಿತು. ಯಾವ ವೀರನು ಇಲ್ಲವೆಂದಾನು? ಮ್ಯಾನೇಜರನು ಬರಿಗೈಯಲ್ಲಿ ಹಿಂದಿರುಗಿದನು. ಇನ್ನೆರಡು ಹೊಡೆತಗಳಿಗೆ ಆಟವು ೫-೫ ಆಯಿತು. ಪೆಡ್ರೋ ೧೨೩ ಎಸೆತಗಳ ತರುವಾಯ ಹೊರಬಿದ್ದನು. ಹನ್ನೊಂದನೆಯ ಸರದಿಯಲ್ಲಿ ಆರನ್ ಬೂನ್ ಎಂಬವನ ಒಂದು ಹೋಮ್ ರನ್ನಿನಿಂದ ಎಲ್ಲವೂ ಮುಗಿಯಿತು. ಎರಡು ವರ್ಷಗಳಲ್ಲಿ ೯೩ ಮತ್ತು ೯೫ ಆಟಗಳನ್ನು ಗೆಲ್ಲಿಸಿದ್ದ ಲಿಟಲ್ ಅದೇ ತಿಂಗಳಲ್ಲಿ ಕೆಲಸವನ್ನು ಕಳೆದುಕೊಂಡನು.

ಮರುವರ್ಷ ೨೦೦೪ರ ಅಕ್ಟೋಬರ್ ೨೦ರಂದು ಅದೇ ಅಂಗಣ, ಅದೇ ಎದುರಾಳಿ, ಮತ್ತೆ ಏಳನೆಯ ಆಟ. ಮೊದಲ ಮೂರು ಆಟಗಳನ್ನು ಸೋತು, ಅನಂತರದ ಮೂರನ್ನು ಗೆದ್ದು ಬಾಸ್ಟನ್ ಅಲ್ಲಿಗೆ ಬಂದಿದ್ದಿತು. ಡೆರೆಕ್ ಲೋ ಎಂಬ ಎಸೆತಗಾರನು ಆರು ಸರದಿಗಳಲ್ಲಿ ಒಂದೇ ಒಂದು ಹೊಡೆತಕ್ಕೆ ಎಡೆಗೊಟ್ಟಿದ್ದನು; ಮುನ್ನಡೆ ೮-೧. ಆಗ ಹೊಸ ಮ್ಯಾನೇಜರ್ ಟೆರಿ ಫ್ರಾಂಕೋನಾ ಅವನನ್ನು ಕೂರಿಸಿ ಪೆಡ್ರೋವನ್ನು ಕರೆತಂದನು. ಮಲಗಿದ್ದ ಯಾಂಕೀ ಪ್ರೇಕ್ಷಕರೆಲ್ಲ ಎದ್ದು ಕೂಗತೊಡಗಿದರು. ಪೆಡ್ರೋ ಎರಡು ರನ್ನುಗಳನ್ನು ಕೊಟ್ಟನು. ಹಿಂದಿನ ವರ್ಷದ ನಿರ್ಣಯಕ್ಕಾದರೂ ಸಮಾಧಾನ ಹೇಳಬಹುದು. ಇದಕ್ಕೆ ಸಮಾಧಾನವೇ ತೋರದು. ಆದರೆ ಬಾಸ್ಟನ್ ೧೦-೩ರಿಂದ ಗೆದ್ದಿತು, ಮುಂದಿನ ವಾರ ವರ್ಲ್ಡ್ ಸೀರೀಸನ್ನೂ ಗೆದ್ದಿತು. ೮೬ ವರ್ಷಗಳ ಶಾಪವು ತೊಲಗಿತು. ಲಿಟಲನಿಗೆ ಗಲ್ಲು, ಫ್ರಾಂಕೋನಾನಿಗೆ ಮಾಲೆ. ಕಾಗೆ ಕುಳಿತಿತು, ತಾಳೆಯ ಹಣ್ಣು ಬಿದ್ದಿತು. ಹಣ್ಣನ್ನು ತಿನ್ನುತ್ತಿರುವವನು ಕಾಗೆಯನ್ನು ಪ್ರಶ್ನಿಸುವುದಿಲ್ಲ.

ಈ ತರ್ಕದ ಇನ್ನೊಂದು ಮುಖವನ್ನು ೨೦೨೦ರ ಅಕ್ಟೋಬರ್ ೨೭ರಂದು ಟೆಕ್ಸಸ್ಸಿನ ಆರ್ಲಿಂಗ್ಟನ್ನಿನಲ್ಲಿ ನೋಡಬಹುದಾಗಿದ್ದಿತು. ಅಂದು ಆಡಿದವರು ಟ್ಯಾಂಪಾ ಬೇ ರೇಸ್ ಮತ್ತು ಲಾಸ್ ಏಂಜಲೀಸ್ ಡಾಡ್ಜರ್ಸ್. ಬಾಸ್ಟನ್ನಿನವನಿಗೂ ಅಲ್ಲೊಂದು ನೋವಿನ ನಂಟಿದ್ದಿತು: ಅವನ ಕಣ್ಮಣಿಯಾಗಿದ್ದ ಮೂಕೀ ಬೆಟ್ಸನನ್ನು ಅದೇ ವರ್ಷದ ಫೆಬ್ರವರಿಯಲ್ಲಿ ರೆಡ್ ಸಾಕ್ಸ್ ತಂಡವು ಡಾಡ್ಜರ್ಸರಿಗೆ ಬಿಟ್ಟುಕೊಟ್ಟಿದ್ದಿತು. ಸರಣಿಯಲ್ಲಿ ೩-೨ರಿಂದ ಹಿಂದಿದ್ದ ರೇಸ್, ಆ ಆರನೆಯ ಆಟದಲ್ಲಿ ೧-೦ರಿಂದ ಮುಂದಿದ್ದಿತು. ಅವರ ಎಸೆತಗಾರ ಬ್ಲೇಕ್ ಸ್ನೆಲ್ ೭೩ ಎಸೆತಗಳಲ್ಲಿ ಒಂಬತ್ತು ಮಂದಿಯನ್ನು ದಾಂಡು ಬೀಸಿಯೂ ಬೀಸದೆಯೂ ಔಟಾಗುವಂತೆ ಮಾಡಿದ್ದನು. ಬೆಟ್ಸ್ ಮೊದಲಾದ ಅಗ್ರದ ಮೂವರು ಎರಡೆರಡು ಸಲ ಹಾಗೆ ಹೋಗಿದ್ದರು. ಆರನೆಯ ಸರದಿಯಲ್ಲಿ ಎರಡನೆಯ ಹೊಡೆತವೊಂದು ಬಿದ್ದೊಡನೆ ಮ್ಯಾನೇಜರ್ ಕೆವಿನ್ ಕ್ಯಾಶ್ ನಡೆದುಬಂದು ಚೆಂಡನ್ನು ತೆಗೆದುಕೊಂಡನು. ಮುಂದೆ ಬರತಕ್ಕವನು ಬೆಟ್ಸ್. ಒಬ್ಬನೇ ಎಸೆತಗಾರನನ್ನು ಮೂರನೆಯ ಸಲ ಎದುರಿಸುವ ದಾಂಡಿಗನ ಕೈ ಮೇಲಾಗುವುದೆಂದು ಲೆಕ್ಕವು ಹೇಳುತ್ತದೆ. ಸ್ನೆಲನು ಆ ವರ್ಷ ಒಂದು ಆಟದಲ್ಲಾದರೂ ಆರು ಸರದಿಗಳನ್ನು ಪೂರೈಸಿರಲಿಲ್ಲ. ಅವನ ಬದಲಿಗೆ ನಿಕ್ ಆಂಡರ್ಸನ್ ಬಂದನು. ಬೆಟ್ಸ್ ಬಲವಾಗಿ ಹೊಡೆದನು. ನಿಮಿಷಗಳಲ್ಲಿ ಎರಡು ರನ್ನುಗಳು ಬಂದವು. ಡಾಡ್ಜರ್ಸ್ ೩-೧ರಿಂದ ಗೆದ್ದು ಪಟ್ಟವೇರಿತು.

ಅಮೆರಿಕದ ಅಭಿಮಾನಿಗಳು ಆ ರಾತ್ರಿ ಒಂದೇ ಕಂಠದಿಂದ ಕೂಗಿದರು: ಕಣ್ಣೆದುರಿಗಿರುವುದನ್ನು ನೋಡಬಾರದಾಗಿತ್ತೆ? ಯಂತ್ರದಂತೆ ಲೆಕ್ಕವನ್ನು ನಂಬಬಹುದೆ? ೨೦೦೩ರಲ್ಲಿ ಇದೇ ಕಂಠಗಳು ಕೂಗಿದ್ದವು: ಲೆಕ್ಕವನ್ನು ನೋಡಬಾರದಾಗಿತ್ತೆ? ವೀರನ ಮುಖವನ್ನು ನೋಡಿ ಮರುಳಾಗಬಹುದೆ? ತಾರ್ಕಿಕರ ಭಾಷೆಯಲ್ಲಿ ಹೇಳುವುದಾದರೆ, ಲಿಟಲನು ಪ್ರತ್ಯಕ್ಷವನ್ನು ನಂಬಿ ಕೆಟ್ಟನು, ಕ್ಯಾಶನು ಅನುಮಾನವನ್ನು ನಂಬಿ ಕೆಟ್ಟನು. ಹೊಗೆಯಿದ್ದಲ್ಲಿ ಬೆಂಕಿಯಿರುವಂತೆ ದಣಿವಿನ ಲೆಕ್ಕಕ್ಕೆ ಅವ್ಯಭಿಚಾರಿಯಾದ ವ್ಯಾಪ್ತಿಯಿಲ್ಲ. ಅದು ನೂರರಲ್ಲಿ ಅರವತ್ತು ಸಲ ನಿಜವಾದರೆ ನಲವತ್ತು ಸಲ ಸುಳ್ಳಾಗಬಹುದು. ಪ್ರತ್ಯಕ್ಷಕ್ಕಾದರೂ ಈ ಕ್ಷಣವು ಕಾಣುತ್ತದೆಯೇ ಹೊರತು ಮುಂದಿನ ಎಸೆತವು ಕಾಣುವುದಿಲ್ಲ. ಇವೆರಡರ ನಡುವೆ ನಿಂತು, ದಿಬ್ಬಕ್ಕೆ ನಡೆಯುವಷ್ಟು ಹೊತ್ತಿನಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದವನು ಮ್ಯಾನೇಜರನು. ಅಭಿಮಾನಿಗಾದರೋ ಮೂರನೆಯ ಪ್ರಮಾಣವೊಂದುಂಟು, ಅದು ಫಲ. ಉತ್ತರಗಳ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಪರೀಕ್ಷೆ ಮಾಡುವ ಉಪಾಧ್ಯಾಯನಂತೆ ಅವನೆಂದೂ ತಪ್ಪುವುದಿಲ್ಲ. ಆ ವರ್ಷದ ಉತ್ತಮ ಮ್ಯಾನೇಜರನೆಂಬ ಪ್ರಶಸ್ತಿಯು ಕ್ಯಾಶನಿಗೇ ಬಂದಿತು. ಅದರ ಮತಗಳು ಈ ಆಟಗಳಿಗೆ ಮೊದಲೇ ಬಿದ್ದಿದ್ದವು.

ಇಷ್ಟರಿಂದ ಅಭಿಮಾನಿಯ ಅಭಿಪ್ರಾಯವೆಲ್ಲವೂ ನಿರರ್ಥಕವೆಂದು ತಳ್ಳಿಬಿಡುವುದು ನ್ಯಾಯವಲ್ಲ. ೨೦೦೩ರ ಆ ರಾತ್ರಿ ಕೊನೆಯ ಹೊಡೆತಗಳು ಬೀಳುವುದಕ್ಕೆ ಮೊದಲೇ, ಪೆಡ್ರೋವನ್ನು ಕರೆಯಿರೆಂದು ಗೋಗರೆದವರಿದ್ದರು; ಅವರ ಮಾತು ತೀರ್ಪಲ್ಲ, ಮತಿ. ೨೦೨೦ರಲ್ಲಿಯೂ ವಿವೇಕಿಯಾದವನು ಸ್ನೆಲನನ್ನು ಕರೆದುದೇಕೆ ಎಂಬಲ್ಲಿಗೆ ನಿಲ್ಲದೆ, ಹಿಂದಿನ ಹಲವು ಆಟಗಳಲ್ಲಿ ರನ್ನುಗಳನ್ನು ಕೊಟ್ಟು ಬಳಲಿದ್ದ ಆಂಡರ್ಸನನನ್ನೇ ತಂದುದೇಕೆ ಎಂದು ಕೇಳಬಹುದಾಗಿದ್ದಿತು. ಅಂದು ಅಲ್ಲಿ ತಿಳಿಯಬಹುದಾಗಿದ್ದುದೆಷ್ಟು ಎಂಬುದರ ಮೇಲೆ ನಿಂತ ಪ್ರಶ್ನೆ ಅದು. ಮುಂದೇನಾಯಿತು ಎಂಬುದರ ಮೇಲೆ ನಿಂತುದಲ್ಲ. ಅಂಕಪಟ್ಟಿಯ ಅಂಚಿನಲ್ಲಿ, ಚೆಂಡು ಎಸೆತಗಾರನ ಕೈಬಿಡುವುದಕ್ಕೆ ಮೊದಲು ಬರೆದುದೇ ಅಭಿಪ್ರಾಯ; ಆಮೇಲೆ ಬರೆದುದು ಕೇವಲ ಚರಿತ್ರೆ. ಪೆನ್ಸಿಲು ಹಿಡಿದ ಅಭಿಮಾನಿಯು ಈ ಒಂದು ನಿಯಮವನ್ನು ತನಗೆ ತಾನೇ ವಿಧಿಸಿಕೊಂಡರೆ, ಒಂದು ವರ್ಷದೊಳಗೆ ಅವನಿಗೆ ಮ್ಯಾನೇಜರರ ಮೇಲಣ ಕೋಪವು ಬಹಳವಾಗಿ ಇಳಿದಿರುತ್ತದೆ.

ಅವನ ಕೋಪವಾದರೂ ಪ್ರೀತಿಯ ವಿಕಾರವೇ ಸರಿ. ತನ್ನ ಕೈಯಲ್ಲಿ ಏನೂ ಇಲ್ಲದವನು ತನ್ನದೆಲ್ಲವನ್ನೂ ಪರರ ಕೈಯಲ್ಲಿಟ್ಟಿದ್ದಾನೆ. ಗೊಣಗುವುದೊಂದೇ ಅವನ ಪಾಲಿನ ಆಟ. ಮ್ಯಾನೇಜರನು ವರ್ಷಕ್ಕೊಬ್ಬನಾಗಬಹುದು, ಆಟಗಾರನು ಹೆಚ್ಚಿನ ಸಂಬಳಕ್ಕೆ ಊರು ಬಿಡಬಹುದು. ಅಭಿಮಾನಿಯು ಎಲ್ಲಿಗೂ ಹೋಗನು. ಆದರೆ ಆ ಗೊಣಗಾಟವು ನಿರ್ಣಯವನ್ನು ಬಿಟ್ಟು ಮನುಷ್ಯನನ್ನು ಹಿಡಿದಾಗ ಪ್ರೀತಿಯು ಕ್ರೌರ್ಯವಾಗುತ್ತದೆ. ಬಕ್ನರನು ತನ್ನ ಜೀವಮಾನದಲ್ಲಿ ೨೭೧೫ ಸಲ ಚೆಂಡನ್ನು ಹೊಡೆದು ನೆಲೆಯನ್ನು ಮುಟ್ಟಿದವನು. ಜನರಿಗೆ ನೆನಪಿದ್ದುದು ಕಾಲುಗಳ ನಡುವೆ ಹೋದ ಒಂದೇ ಚೆಂಡು. ವರ್ಷಗಳ ಕಾಲ ಅವನ ಹೆಸರು ಒಂದು ಹಾಸ್ಯದ ಮಾತಾಗಿದ್ದಿತು.

೨೦೦೮ರ ಏಪ್ರಿಲ್ ೮ರಂದು ಫೆನ್‌ವೇ ಅಂಗಣದಲ್ಲಿ ಹಿಂದಿನ ವರ್ಷದ ಗೆಲುವಿನ ಧ್ವಜವನ್ನು ಏರಿಸಿದರು. ಮೊದಲ ಚೆಂಡನ್ನು ಸಾಂಕೇತಿಕವಾಗಿ ಎಸೆಯುವುದಕ್ಕೆ ಕರೆದುದು ಬಕ್ನರನನ್ನು. ಅವನು ಒಬ್ಬನೇ ದಿಬ್ಬಕ್ಕೆ ನಡೆದುಬಂದಾಗ ಜನರೆಲ್ಲರೂ ಎದ್ದುನಿಂತು ಬಹಳ ಹೊತ್ತು ಚಪ್ಪಾಳೆ ತಟ್ಟಿದರು, ಅವನು ಕಣ್ಣೊರಸಿಕೊಂಡನು. ಆ ಕ್ಷಮೆಯು ನಿಜವೇ. ಆದರೆ ಅದು ೨೦೦೪ರ ಮತ್ತು ೨೦೦೭ರ ಎರಡು ಗೆಲುವುಗಳು ಬಂದ ಮೇಲೆ ಬಂದಿತು. ಗೆಲುವು ಬಾರದೇ ಇದ್ದಿದ್ದರೆ ಕ್ಷಮೆಯು ಬರುತ್ತಿದ್ದಿತೆ? ಬಕ್ನರನು ೨೦೧೯ರಲ್ಲಿ ತೀರಿಕೊಂಡನು. ಆ ಪ್ರಶ್ನೆಗೆ ಉತ್ತರ ಹೇಳಬೇಕಾದವನು ಫೆನ್‌ವೇಯ ಮರದ ಕುರ್ಚಿಯ ಮೇಲೆ ಇಂದಿಗೂ ಕುಳಿತಿದ್ದಾನೆ. ಪ್ರತಿ ಏಪ್ರಿಲಿನಲ್ಲಿಯೂ ಅವನು ಹೊಸ ಅಂಕಪಟ್ಟಿಯನ್ನು ತೆರೆದು, ಪೆನ್ಸಿಲನ್ನು ಹೆರೆದುಕೊಂಡು, ದಾಂಡಿಗರ ಕ್ರಮವನ್ನು ಓದಿ, ಈ ಮ್ಯಾನೇಜರನಿಗೆ ಬುದ್ಧಿಯಿಲ್ಲವೆಂದು ಪಕ್ಕದವನ ಸಂಗಡ ಮೆಲ್ಲಗೆ ಹೇಳುತ್ತಾನೆ. ಮೊದಲ ಚೆಂಡು ಇನ್ನೂ ಬಿದ್ದಿರುವುದಿಲ್ಲ.